ಮನೆಯಲ್ಲಿ ಶ್ರೀಚಕ್ರ: ಇಡುವುದು ಹೇಗೆ, ಗೆರೆ ಸವೆಯದಂತೆ ತೊಳೆಯುವುದು ಹೇಗೆ?

ನವರಾತ್ರಿಯಲ್ಲಿ ಅರಿಶಿನ ಕುಂಕುಮಕ್ಕೆ ಹೋದಾಗ ನನ್ನ ಕಣ್ಣು ಮೊದಲು ಹೋಗುವುದು ದೇವರ ಮನೆಯ ಶ್ರೀಚಕ್ರದ ಕಡೆಗೆ, ಅಂದರೆ ತ್ರಿಕೋನಗಳ ಗೆರೆ ಕೊರೆದ ದೇವಿಯ ಯಂತ್ರದ ಕಡೆಗೆ. ಕೆಲವು ಮನೆಗಳಲ್ಲಿ ಅದು ಹಂಚಿನ ಹಾಗೆ ಕಪ್ಪಗಾಗಿರುತ್ತದೆ. ಇನ್ನು ಕೆಲವು ಕಡೆ ಫಳಫಳ ಹೊಳೆಯುತ್ತದೆ, ಆದರೆ ಬಗ್ಗಿ ನೋಡಿದರೆ ಗೆರೆಗಳೇ ಇಲ್ಲ. ನಮ್ಮ ಚಿಕ್ಕಮ್ಮನ ಮನೆಯಲ್ಲೂ ಹೀಗೇ ಆಯಿತು. ಪ್ರತಿ ಹಬ್ಬಕ್ಕೂ ಸ್ಟೀಲ್ ನಾರಿನಲ್ಲಿ ಉಜ್ಜಿ ಉಜ್ಜಿ ನಡುವಿನ ಬಿಂದುವೇ ಅಳಿಸಿಹೋಯಿತು. ವಿಗ್ರಹವಾದರೆ ಮುಖ ಸವೆದರೂ ಕೈಕಾಲು ಉಳಿದಿರುತ್ತದೆ. ಯಂತ್ರದಲ್ಲಿ ಇರುವುದೇ ಗೆರೆ, ಅಲ್ವಾ?

ಕೊಳ್ಳುವಾಗಲೇ ಗೆರೆ ಎಣಿಸಿ. ಮೇಲ್ಮುಖದ 4, ಕೆಳಮುಖದ 5 ತ್ರಿಕೋನಗಳು ಒಂದಕ್ಕೊಂದು ಹೆಣೆದು 43 ಸಣ್ಣ ತ್ರಿಕೋನಗಳಾಗುತ್ತವೆ. ಹೊರಗಿನ ಸುತ್ತಿನಲ್ಲಿ 14, ಅದರೊಳಗೆ 10, ಮತ್ತೆ 10, ಆಮೇಲೆ 8, ನಟ್ಟನಡುವೆ 1. ಈ ತ್ರಿಕೋನಗಳ ಸುತ್ತ 8 ದಳ, 16 ದಳದ ಕಮಲಗಳು, ಆಚೆಗೆ ನಾಲ್ಕು ಬಾಗಿಲಿನ ಚೌಕಟ್ಟು, ಅದೇ ಭೂಪುರ. ಮೂರು ಗೆರೆ ಸೇರುವ ಜಾಗಕ್ಕೆ ಮರ್ಮ ಎನ್ನುತ್ತಾರೆ. ಅಲ್ಲಿ ಮೂರೂ ಒಂದೇ ಚುಕ್ಕೆಯಲ್ಲಿ ಕೂಡಬೇಕು. ನಾನು ಒಮ್ಮೆ ಆನ್‌ಲೈನ್‌ನಲ್ಲಿ ತರಿಸಿದ ತಗಡಿನಲ್ಲಿ ಮೂರು ಗೆರೆ ಮೂರು ಕಡೆ ಓಡಿದ್ದವು. ಅದನ್ನು ವಾಪಸ್ ಕಳಿಸಿದೆ. ಚಿನ್ನದ ಬಣ್ಣದ ಲೇಪ ಹಾಕಿದ್ದು ಬೇಡವೇ ಬೇಡ. ಕೊರೆದ ಗೆರೆಯ, ಅಂಗೈ ಅಗಲದ ಬರಿ ತಾಮ್ರದ ತಗಡು ಸಾಕು. ಶಿಖರದಂತೆ ಎದ್ದು ನಿಲ್ಲುವ ಮೇರು ಚಂದ ಕಾಣುತ್ತದೆ ನಿಜ. ಆದರೆ ಅದರ ಸಂದಿಗಳಲ್ಲಿ ಕುಂಕುಮ ಕೂತರೆ ತೆಗೆಯುವುದು ಬಹಳ ಕಷ್ಟ, ಮೊದಲ ಸಲ ಇಡುವವರು ಅದರ ತಂಟೆಗೆ ಹೋಗಬೇಡಿ.

ಈಶಾನ್ಯದಲ್ಲಿ ಮಣೆ, ಮಣೆಯ ಮೇಲೆ ಕೆಂಪು ಬಟ್ಟೆ, ಅದರ ಮೇಲೆ ಯಂತ್ರ. ನೀವು ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿ ಕೂರಿ. ನಡುವಿನ ಚಿಕ್ಕ ತ್ರಿಕೋನದ ತುದಿ ನಿಮ್ಮ ಕಡೆಗೆ ಇರಲಿ. ಗೋಡೆಗೆ ತೂಗುಹಾಕಿದರೆ ಅದೇ ತುದಿ ಕೆಳಕ್ಕೆ. ತಲೆಕೆಳಗಾಗಿ ತೂಗುಹಾಕಿದ ಎಷ್ಟೋ ಶ್ರೀಚಕ್ರಗಳನ್ನು ನೋಡಿದ್ದೇನೆ.

ಪ್ರತಿಷ್ಠೆಯನ್ನು ಶುಕ್ರವಾರವೋ ನವರಾತ್ರಿಯಲ್ಲೋ ಪುರೋಹಿತರಿಂದ ಮಾಡಿಸಿ. ಕೊಲ್ಲೂರಿನ ಮೂಕಾಂಬಿಕೆ, ಶೃಂಗೇರಿಯ ಶಾರದೆ ಇಬ್ಬರನ್ನೂ ಶಂಕರಾಚಾರ್ಯರು ಶ್ರೀಚಕ್ರದ ಮೇಲೇ ನೆಲೆಗೊಳಿಸಿದರು ಎಂದು ನಂಬುವ ನಾಡು ನಮ್ಮದು. ಅಂಥದ್ದನ್ನು ಮನೆಗೆ ತರುವಾಗ ಅವಸರ ಬೇಡ. ಶ್ರೀಚಕ್ರದ ಒಂಬತ್ತು ಸುತ್ತುಗಳಿಗೆ ಮಾಡುವ ನವಾವರಣ ಪೂಜೆಯನ್ನು ವಿಡಿಯೋ ನೋಡಿಕೊಂಡು ಮಾಡಬೇಡಿ, ಅದಕ್ಕೆ ಗುರುಗಳ ಉಪದೇಶ ಬೇಕು. ಮನೆಯವರಿಗೆ ದೀಪ, ಹೂವು, ಲಲಿತಾ ಸಹಸ್ರನಾಮ, ಒಂದಿಷ್ಟು ಕುಂಕುಮಾರ್ಚನೆ ಸಾಕು.

ಜನ ಎಡವುವುದು ತೊಳೆಯುವಾಗ. ಮೊದಲೇ ನೀರು ಹಾಕಬೇಡಿ. ಒದ್ದೆಯಾದ ಕುಂಕುಮ ಕೆಸರಾಗಿ ಗೆರೆಯೊಳಗೆ ಮೆತ್ತಿಕೊಳ್ಳುತ್ತದೆ, ಒಣಗಿದ ಮೇಲೆ ಜಪ್ಪಯ್ಯ ಅಂದರೂ ಬರುವುದಿಲ್ಲ. ಒಣಗಿದ ಮೆತ್ತನೆ ಬ್ರಷ್‌ನಲ್ಲಿ, ಮಕ್ಕಳು ಬಣ್ಣ ಹಚ್ಚುವಂಥದ್ದು, ಗೆರೆಯ ಉದ್ದಕ್ಕೂ ಕುಂಕುಮ ಗುಡಿಸಿ ತೆಗೆಯಿರಿ. ಆಮೇಲೆ ಹಿಂಬದಿಯ ಮೂಲೆಗೆ ಚೂರು ಹುಣಸೆಹಣ್ಣು ಸವರಿ ನೋಡಿ. ಆ ಜಾಗ ಬೆಳಗಿ ಕೆಂಪಾದರೆ ಬರಿ ತಾಮ್ರ. ಏನೂ ಆಗದಿದ್ದರೆ ಮೇಲೆ ವಾರ್ನಿಷ್ ಇರಬಹುದು. ಅಂಥದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಟ್ಟುಬಿಡಿ.

ಬರಿ ತಾಮ್ರವಾದರೆ ನಿಂಬೆ ಗಾತ್ರದ ಹುಣಸೆಹಣ್ಣನ್ನು ನೆನೆಸಿ, ಕಿವುಚಿ, ನಾರು ಬೀಜ ಬರದಂತೆ ಸೋಸಿ. ಉಪ್ಪು ಹಾಕಬೇಡಿ, ಹರಳು ಗೀರುತ್ತದೆ. ಆ ರಸದಲ್ಲಿ ಹತ್ತಿಯನ್ನು ಅದ್ದಿ ಯಂತ್ರದ ಮೇಲೆ ಒತ್ತಿ, ಎರಡು ಮೂರು ನಿಮಿಷ ಬಿಡಿ. ಕಪ್ಪನ್ನು ಹುಳಿಯೇ ಬಿಡಿಸುತ್ತದೆ, ನಿಮ್ಮ ಕೈಬಲ ಬೇಡ. ಇನ್ನೂ ಕಪ್ಪಿದ್ದರೆ ಮತ್ತೊಂದು ಸಲ ಹಚ್ಚಿ, ಉಜ್ಜಬೇಡಿ. ತಕ್ಷಣ ಧಾರಾಳವಾಗಿ ನೀರು ಹಾಕಿ ತೊಳೆಯಿರಿ. ಹುಳಿ ಉಳಿದರೆ ಹಸಿರು ಕಿಲುಬು ಕಟ್ಟುತ್ತದೆ. ಬಟ್ಟೆಯಲ್ಲಿ ಒರೆಸಿದ ಮೇಲೂ ಗೆರೆಯೊಳಗೆ ನೀರು ನಿಂತಿರುತ್ತದೆ, ಅದಕ್ಕೇ ಅರ್ಧ ಗಂಟೆ ಗಾಳಿಗೆ ಇಟ್ಟು ಆಮೇಲೆ ಗಂಧ ಹಚ್ಚಿ. ಪಾತ್ರೆ ಬೆಳಗುವ ಪುಡಿಗಳನ್ನು ದೇವರ ಮನೆಯಿಂದ ದೂರ ಇಡಿ. ಒಂದೇ ನಿಮಿಷದಲ್ಲಿ ಹೊಳಪು ಬಂದರೂ ಉಜ್ಜುವಾಗ ತಾಮ್ರ ಸವೆಯುತ್ತದೆ. ತಿಂಗಳಿಗೊಂದು ಸಲ ಹೀಗೆ ತೊಳೆದರೆ ಸಾಕು, ಉಳಿದ ದಿನ ಬ್ರಷ್ ಮತ್ತು ಒಣ ಬಟ್ಟೆ.

ಹಾಲು, ಮೊಸರಿನ ಅಭಿಷೇಕ ತಾಮ್ರದ ಯಂತ್ರಕ್ಕೆ ದಿನಾ ಮಾಡಬೇಡಿ. ಹುಳಿ ತಾಮ್ರದ ಮೇಲೆ ನಿಂತರೆ ಕಿಲುಬು ಇಳಿಯುತ್ತದೆ, ಆ ಹಾಲು ಮೊಸರನ್ನು ತೀರ್ಥವೆಂದು ಮಕ್ಕಳಿಗೆ ಕೊಡುವುದು ಸರಿಯಲ್ಲ. ನೀರಿನ ಅಭಿಷೇಕವೇ ನನಗೆ ಇಷ್ಟ.

ಗೆರೆ ಪೂರ್ತಿ ಸವೆದ ಯಂತ್ರವನ್ನು ಅಶ್ವತ್ಥಕಟ್ಟೆಯ ಬುಡದಲ್ಲಿ ಒಡೆದ ಫೋಟೋಗಳ ಜೊತೆ ಇಟ್ಟು ಬರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಚಿಕ್ಕಮ್ಮ ತಮ್ಮ ಪುರೋಹಿತರನ್ನು ಮನೆಗೇ ಕರೆಸಿ, ವಿಸರ್ಜನೆ ಮಾಡಿಸಿ, ಹಳೆಯದನ್ನು ಅವರ ಕೈಗೇ ಕೊಟ್ಟರು. ಹೊಸ ಯಂತ್ರದ ಪಕ್ಕದಲ್ಲಿ ಈಗ ಒಂದು ಸಣ್ಣ ಬ್ರಷ್ ಇರುತ್ತದೆ.