ಲೇಸರ್ ಆರಿಸಿದರೂ ಆರದ ಮಿನುಗು

ನಮ್ಮ ಧಾರವಾಡದ ಪ್ರಯೋಗಾಲಯದಲ್ಲಿ ಎರಡು ಲೇಸರ್‌ಗಳಿವೆ. ಬೆಳಕಿನ ತರಂಗದೂರದಿಂದಲೇ ಅವುಗಳ ಗುರುತು: 248 ನ್ಯಾನೊಮೀಟರ್‌ನದು ಹೈಡ್ರೋಜನ್ ಪೆರಾಕ್ಸೈಡ್ ಆವಿಯನ್ನು ಒಡೆದು, ಒಂದು ಆಮ್ಲಜನಕ, ಒಂದು ಜಲಜನಕ ಪರಮಾಣುಗಳ ಚುರುಕಿನ ತುಣುಕಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸುತ್ತದೆ. 282ರದು ಆ ಹೈಡ್ರಾಕ್ಸಿಲನ್ನು ಕೆಣಕುತ್ತದೆ, ಅಂದರೆ ಅದಕ್ಕೆ ಶಕ್ತಿ ತುಂಬುತ್ತದೆ. ಆಗ ಹೈಡ್ರಾಕ್ಸಿಲ್ 308ರ ಆಸುಪಾಸಿನಲ್ಲಿ ಮಿನುಗುತ್ತದೆ. ಗಾಳಿಯಲ್ಲಿನ ಮೀಥೇನನ್ನು ನಾಶಮಾಡುವ ಈ ರ‍್ಯಾಡಿಕಲ್‌ನ ಆಯುಷ್ಯ ವಾತಾವರಣದಲ್ಲಿ ಒಂದು ಸೆಕೆಂಡಿನಷ್ಟು.

ತೊಂದರೆ ಏನೆಂದರೆ, ಒಡೆಯುವ ಲೇಸರ್ ಆರಿಸಿದರೂ ಮಿನುಗು ನಿಲ್ಲಲಿಲ್ಲ. ನಾನು ಮೊದಲು ಬೈದದ್ದು ಹೊರಗಿನ ಬೆಳಕನ್ನು. ಜಿಟಿಜಿಟಿ ಮಳೆಯ ಮಬ್ಬಿನಲ್ಲಿ ಬೆಳಕೇ ಇರಲಿಲ್ಲ, ಆದರೂ ಕಿಟಕಿಗೆಲ್ಲ ಕಪ್ಪು ಬಟ್ಟೆ ಕಟ್ಟಿ ಎರಡು ದಿನ ಹಾಳುಮಾಡಿದೆ. ಆಮೇಲೆ ಪೆರಾಕ್ಸೈಡ್ ಹರಿವು ನಿಲ್ಲಿಸಿದೆ, ಮಿನುಗಿನ ಸಂಕೇತ ಮಾಯ. ಹರಿವನ್ನು ಮತ್ತೆ ಬಿಟ್ಟು 282ರ ಲೇಸರಿನ ತರಂಗದೂರವನ್ನು ಕೂದಲೆಳೆಯಷ್ಟು ಸರಿಸಿದೆ, ಆಗಲೂ ಮಾಯ. ಹೈಡ್ರಾಕ್ಸಿಲ್ ಕೆರಳುವುದು ತನಗೆ ಒಗ್ಗುವ ತರಂಗದೂರಕ್ಕೆ ಮಾತ್ರ; ಅಂದರೆ ಅದು ಚದುರಿದ ಬೆಳಕಲ್ಲ, ನಿಜವಾದ ಹೈಡ್ರಾಕ್ಸಿಲ್! ಹುಟ್ಟಿಸಿದವರು ಯಾರು?

“282ರ ಶಕ್ತಿ ಅರ್ಧ ಮಾಡಿ ನೋಡಪ್ಪ” ಎಂದರು ಗುರುಗಳು, ಚಹಾದ ಲೋಟದಿಂದ ತಲೆ ಎತ್ತದೆ. ಸಂಕೇತ ಅರ್ಧಕ್ಕಲ್ಲ, ಕಾಲಿಗೆ ಇಳಿಯಿತು. ಒಂದು ಫೋಟಾನ್ ಒಡೆಯಲು, ಇನ್ನೊಂದು ಕೆಣಕಲು; ಅದಕ್ಕೇ ಅರ್ಧದ ಅರ್ಧ, ಅಂದರೆ ವರ್ಗದ ಲೆಕ್ಕ. ಅಳೆಯಲು ಇಟ್ಟ 282ರ ಲೇಸರೇ ಪೆರಾಕ್ಸೈಡನ್ನೂ ಒಡೆಯುತ್ತಿತ್ತು. ಬೇಲಿಯೇ ಹೊಲ ಮೇಯ್ದಂತೆ.

ಆ ಲೇಸರಿನ ಶಕ್ತಿ ತಗ್ಗಿಸಿ, ಮಸೂರಗಳಿಂದ ಕಿರಣವನ್ನು ಅಗಲಿಸಿದೆ. ಉಳಿದ ಚೂರು ಮಿನುಗನ್ನು ಪ್ರತಿ ಸಲ 248ರ ಕಿರಣಕ್ಕೆ ತಡೆಯೊಡ್ಡಿ ಅಳೆದು ಕಳೆಯುತ್ತೇನೆ. ಕಪ್ಪು ಬಟ್ಟೆ ಇನ್ನೂ ಬಿಚ್ಚಿಲ್ಲ.