ಪಾಪುವಿಗೊಂದು ಕ್ರೋಶೆ ಹೊದಿಕೆ: ನಾನು ಹೆಣೆದ ಬಗೆ

ತಂಗಿ ಬಸುರಿ ಅಂತ ಗೊತ್ತಾದಾಗ ಪಾಪುವಿಗೆ ನಾನೇ ಒಂದು ಹೊದಿಕೆ ಹೆಣೆದು ಕೊಡುತ್ತೇನೆ ಅಂದೆ. ಅವಳು ಒಂದೇ ಷರತ್ತು ಹಾಕಿದಳು. "ಅಕ್ಕಾ, ಮೆಷಿನ್‌ಗೆ ಹಾಕಿ ಒಗೆಯೋ ಹಾಗಿರಲಿ. ಕೈಯಲ್ಲೇ ಒಗಿ, ಹಿಂಡಬೇಡ ಅಂತೆಲ್ಲಾ ಹೇಳಿದ್ರೆ ಅದು ಬೀರು ಸೇರತ್ತೆ ಅಷ್ಟೆ." ನನಗೂ ಅದೇ ಸರಿ ಅನ್ನಿಸಿತು. ಪಾಪು ಕಕ್ಕುವುದು, ಒದ್ದೆ ಮಾಡುವುದು ದಿನಕ್ಕೆ ಹತ್ತು ಸಲ ಆಗುವ ಮಾತು. ಆದ್ದರಿಂದ ದಾರ, ಹೊಲಿಗೆ, ಅಂಚು ಎಲ್ಲವನ್ನೂ ಎರಡೇ ಪ್ರಶ್ನೆ ಕೇಳಿ ಆರಿಸಿದೆ: ಒಗೆದರೆ ತಡೆಯುತ್ತದಾ? ಪುಟ್ಟ ಬೆರಳು ಸಿಕ್ಕಿಕೊಳ್ಳುತ್ತದಾ? ಫೋಟೋದಲ್ಲಿ ಹೇಗೆ ಕಾಣುತ್ತದೆ ಅನ್ನುವುದು ಆಮೇಲೆ.

ದಾರದ ವಿಷಯದಲ್ಲಿ ಶುದ್ಧ ಉಣ್ಣೆ ಮೊದಲೇ ಬಿಟ್ಟುಹೋಯಿತು. ಬಿಸಿನೀರು, ಸೋಪು, ತಿಕ್ಕಾಟ ಮೂರೂ ಸೇರಿದರೆ ಉಣ್ಣೆ ಕುಗ್ಗಿ ದಪ್ಪಗೆ ಗಟ್ಟಿಯಾಗುತ್ತದೆ. ಸೂಪರ್‌ವಾಶ್ ಅಂತ ಬರೆದಿರುವ, ಅಂದರೆ ಮೆಷಿನ್ ಒಗೆತ ತಡೆಯುವಂತೆ ಹದ ಮಾಡಿದ ಉಣ್ಣೆಗೆ ಈ ತೊಂದರೆ ಕಡಿಮೆ, ಆದರೂ ಲೇಬಲ್ ನೋಡಿಯೇ ಒಗೆಯಬೇಕು. ಬರೀ ಹತ್ತಿ ಮೈಗೆ ಹಿತ, ಬೆವರು ಹೀರುತ್ತದೆ. ಆದರೆ ಹೊದಿಕೆಯಷ್ಟು ಹೆಣೆದರೆ ಭಾರ, ಒದ್ದೆಯಾದಾಗಂತೂ ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ. ಅಕ್ರಿಲಿಕ್ ಹಗುರ, ಬೇಗ ಒಣಗುತ್ತದೆ, ಆದರೆ ಬೆವರು ಹೀರುವುದಿಲ್ಲ. ಅದಕ್ಕೆ ಇಸ್ತ್ರಿ ಪೆಟ್ಟಿಗೆ ಮುಟ್ಟಿಸಿದರೆ ಮುಗಿಯಿತು, ಹೆಣಿಗೆ ಜೋಲು ಬಿದ್ದು ಮತ್ತೆ ಮೊದಲಿನಂತೆ ಆಗುವುದೇ ಇಲ್ಲ. ಕೊನೆಗೆ ಹತ್ತಿ ಮತ್ತು ಅಕ್ರಿಲಿಕ್ ಬೆರೆಸಿದ ಡಿಕೆ ದಪ್ಪದ (ಮಧ್ಯಮಕ್ಕಿಂತ ತುಸು ತೆಳುವಾದ) ದಾರ ತೆಗೆದುಕೊಂಡೆ. ಮೊಹೇರ್‌ನಂಥ ರೋಮ ರೋಮದ ದಾರ ಎಷ್ಟೇ ಚೆನ್ನಾಗಿ ಕಂಡರೂ ಬೇಡ. ಪಾಪು ಸಿಕ್ಕಿದ್ದನ್ನೆಲ್ಲಾ ಬಾಯಿಗೆ ಹಾಕಿಕೊಳ್ಳುತ್ತದೆ ಅಲ್ವಾ?

ದಾರ ಮೆತ್ತಗಿದೆಯಾ ಅಂತ ಬೆರಳಲ್ಲಿ ಮುಟ್ಟಿ ನೋಡಿದರೆ ಸಾಲದು. ಕೆಲಸ ಮಾಡಿ ಬೆರಳ ತುದಿ ಒರಟಾಗಿರುತ್ತದೆ. ನಾನು ಕತ್ತಿನ ಪಕ್ಕಕ್ಕೆ ತಿಕ್ಕಿ ನೋಡುತ್ತೇನೆ. ಅಲ್ಲಿ ಚುಚ್ಚಿದರೆ ಆ ದಾರ ನನ್ನ ಬ್ಯಾಗಿಗೆ ಸರಿ, ಪಾಪುವಿಗಲ್ಲ.

ಹೊಲಿಗೆಯಲ್ಲಿ ಆಸೆ ಜಾಸ್ತಿ ಇತ್ತು. ಬೀಸಣಿಗೆಯಂಥ ಶೆಲ್, ಅನಾನಸ್ ವಿನ್ಯಾಸದ ಲೇಸ್, ಎಲ್ಲಾ ಕಣ್ಣಿಗೆ ಕಟ್ಟುವಂಥವೇ. ಆದರೆ ಅವುಗಳ ಅಂದವೆಲ್ಲಾ ತೂತಿನಲ್ಲೇ ಇರುವುದು. ದೊಡ್ಡ ತೂತಿಗೆ ಬೆರಳು ಹೋಗುತ್ತದೆ, ಮಗು ಕೈ ತಿರುಗಿಸಿದರೆ ದಾರ ಬಿಗಿಯುತ್ತದೆ. ಬೆರಳಿಗೋ ಕಾಲ್ಬೆರಳಿಗೋ ಎಳೆ ಬಿಗಿಯಾಗಿ ಸುತ್ತಿಕೊಂಡರೆ ರಕ್ತ ಓಡಾಡುವುದು ನಿಂತುಬಿಡಬಹುದು. ಉದುರಿದ ತಲೆಕೂದಲಿನಿಂದಲೂ ಹೀಗಾಗುತ್ತದೆ. ಅದಕ್ಕೇ ನಾನು ಹೆಣೆಯಲು ಕೂರುವಾಗ ಕೂದಲು ಗಂಟು ಕಟ್ಟಿಕೊಳ್ಳುತ್ತಿದ್ದೆ, ಇಲ್ಲದಿದ್ದರೆ ನನ್ನ ಉದ್ದ ಕೂದಲೂ ಸಾಲಿನೊಳಗೆ ಸೇರಿಕೊಳ್ಳುತ್ತದೆ.

ಆರಿಸಿದ್ದು ಮಾಸ್ ಹೊಲಿಗೆ. ಒಂದು ಸಿಂಗಲ್ ಕ್ರೋಶೆ (ಕಡ್ಡಿ ತೂರಿಸಿ ದಾರ ಎಳೆದು, ಕಡ್ಡಿಯ ಮೇಲಿನ ಎರಡು ಕುಣಿಕೆ ಒಟ್ಟಿಗೆ ಮುಚ್ಚುವ ಗಿಡ್ಡ ಹೊಲಿಗೆ), ಒಂದು ಚೈನ್ (ಕುಣಿಕೆಯೊಳಗಿಂದ ದಾರ ಎಳೆದರೆ ಬರುವ ಬರೀ ಇನ್ನೊಂದು ಕುಣಿಕೆ), ಅಷ್ಟೇ. ಮುಂದಿನ ಸಾಲಿನಲ್ಲಿ ಸಿಂಗಲ್ ಅನ್ನು ಕೆಳಗಿನ ಸಾಲಿನ ಚೈನ್‌ನ ಸಂದಿಗೆ ಹಾಕಬೇಕು. ತೂತು ಬಹಳ ಸಣ್ಣದು, ಎರಡೂ ಮಗ್ಗುಲು ಒಂದೇ ಥರ ಕಾಣುತ್ತದೆ, ಬಟ್ಟೆ ಬಳುಕುತ್ತದೆ. ಬರೀ ಸಿಂಗಲ್ ಹೆಣೆದರೆ ಹೊದಿಕೆ ಹಲಗೆಯಂತೆ ನಿಲ್ಲುತ್ತದೆ. ನಡುವಿನ ಚೈನ್ ಅದನ್ನು ತಪ್ಪಿಸುತ್ತದೆ. ಕತ್ತೆತ್ತದೆ ಲೆಕ್ಕ ಹಾಕುವ ಗೋಳೂ ಇಲ್ಲ. ಸಂದಿ ಎಲ್ಲಿದೆಯೋ ಅಲ್ಲಿ ಕ್ರೋಶೆ ಕಡ್ಡಿ ಹಾಕುತ್ತಾ ಹೋದರಾಯಿತು.

ಎಷ್ಟು ದಾರ ಬೇಕು ಅನ್ನುವುದಕ್ಕೆ ನಾನು ಮಾಡುವ ಲೆಕ್ಕ ಹೀಗೆ. ಅಳತೆ 75 ಸೆಂ.ಮೀ. ಅಗಲ, 90 ಸೆಂ.ಮೀ. ಉದ್ದ ಅಂತ ಇಟ್ಟುಕೊಂಡೆ. ಸ್ಟ್ರಾಲರ್‌ನಲ್ಲಿ ಕಾಲಿಗೆ ಹೊದಿಸಲು, ಎತ್ತಿಕೊಂಡಾಗ ಸುತ್ತಲು ಇಷ್ಟು ಸಾಕು. ಇದಕ್ಕಿಂತ ದೊಡ್ಡದಾದರೆ ನೆಲಕ್ಕೆ ಎಳೆದಾಡುತ್ತದೆ. ಮೊದಲು 15 ಸೆಂ.ಮೀ. ಚೌಕದ ಒಂದು ಸ್ಯಾಂಪಲ್ ಹೆಣೆದು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ. 11 ಗ್ರಾಂ ಬಂತು. ಹೊದಿಕೆಯ ವಿಸ್ತೀರ್ಣ ಅಂಥ 30 ಚೌಕದಷ್ಟು, ಅಂದರೆ 330 ಗ್ರಾಂ. ಅಂಚಿಗೂ ಕೈತಪ್ಪಿಗೂ ಸೇರಿಸಿ 400 ಗ್ರಾಂ ತಂದೆ. ಎಲ್ಲಾ ಉಂಡೆಗಳ ಲೇಬಲ್ ಮೇಲೂ ಒಂದೇ ಡೈ ಲಾಟ್ ನಂಬರ್ ಇದೆಯಾ ಅಂತ ನೋಡಿಕೊಳ್ಳಬೇಕು. ಬೇರೆ ಬೇರೆ ಸಲ ಬಣ್ಣ ಕಟ್ಟಿದ ದಾರ ಕೈಯಲ್ಲಿ ಒಂದೇ ಥರ ಕಂಡರೂ, ಹೆಣೆದ ಮೇಲೆ ಗೆರೆ ಎಳೆದಂತೆ ಎದ್ದು ಕಾಣುತ್ತದೆ.

ಆ ಸ್ಯಾಂಪಲ್ ಅನ್ನು ಮನೆಯ ಉಳಿದ ಬಟ್ಟೆ ಜೊತೆ ಮೆಷಿನ್‌ಗೆ ಹಾಕಿ, ಒಣಗಿದ ಮೇಲೆ ಮತ್ತೆ ಅಳೆದೆ. ಇದನ್ನು ಬಿಡುವವರೇ ಜಾಸ್ತಿ. ಹತ್ತಿ ಕಾಲು ಅಂಗುಲ ಕುಗ್ಗಿದರೂ ಇಡೀ ಹೊದಿಕೆಗೆ ಅದು ಒಂದೂವರೆ ಅಂಗುಲ ಆಗುತ್ತದೆ. ಗಾಢ ಬಣ್ಣವಿದ್ದರೆ ಒದ್ದೆ ಸ್ಯಾಂಪಲ್ ಅನ್ನು ಬಿಳಿ ಬಟ್ಟೆಯ ಮೇಲೆ ಒತ್ತಿಟ್ಟು, ಬಣ್ಣ ಬಿಡುತ್ತದಾ ಅಂತಲೂ ನೋಡಬಹುದು. ನನ್ನದು ತೆಳು ಹಸಿರು ಮತ್ತು ಕೆನೆ ಬಣ್ಣ, ಏನೂ ಬಿಡಲಿಲ್ಲ.

4.5 ಮಿ.ಮೀ. ಕಡ್ಡಿಯಲ್ಲಿ ನನಗೆ 10 ಸೆಂ.ಮೀ.ಗೆ 18 ಹೊಲಿಗೆ ಬಂತು, ಚೈನ್‌ಗಳನ್ನೂ ಸೇರಿಸಿ. 75 ಸೆಂ.ಮೀ.ಗೆ 135. ಈ ವಿನ್ಯಾಸಕ್ಕೆ ಸಮಸಂಖ್ಯೆ ಬೇಕು, ಹಾಗಾಗಿ 136 ಚೈನ್ ಹಾಕಿದೆ. ಈ ಮೊದಲ ಚೈನ್‌ಗಳಿಗೆ ಮಾತ್ರ 5.5 ಮಿ.ಮೀ. ಕಡ್ಡಿ ಬಳಸಿದೆ. ಬುಡದ ಚೈನ್ ಬಿಗಿಯಾದರೆ ಹೊದಿಕೆ ಕೆಳಗೆ ಸೊಂಟ ಕಟ್ಟಿದ ಲಂಗದಂತೆ ಮುದುಡಿ, ಮೇಲೆ ಅಗಲವಾಗುತ್ತದೆ. ಆಮೇಲೆ ಎಷ್ಟು ಎಳೆದರೂ ಅದು ಸರಿಹೋಗುವುದಿಲ್ಲ. ಕಡ್ಡಿಯಿಂದ 4ನೇ ಚೈನ್‌ಗೆ ಮೊದಲ ಸಿಂಗಲ್, ಆಮೇಲೆ ಒಂದು ಚೈನ್ ಹಾಕಿ ಒಂದನ್ನು ಬಿಟ್ಟು ಮುಂದಿನದಕ್ಕೆ ಸಿಂಗಲ್. ಹೀಗೇ ಕೊನೆಯವರೆಗೆ. ಸಾಲು ತಿರುಗಿಸುವಾಗ ಎರಡು ಚೈನ್.

ಎರಡನೇ ಸಾಲಿನಿಂದ ಗಮನ ಬೇಕಾದದ್ದು ಸಾಲಿನ ಕೊನೆಯಲ್ಲಿ ಮಾತ್ರ. ಕೊನೆಯ ಸಿಂಗಲ್ ಅನ್ನು ಹಿಂದಿನ ಸಾಲಿನ ತಿರುವು ಚೈನ್‌ನ ಸಂದಿಗೇ ಹಾಕಬೇಕು. ಆ ಸಂದಿ ಕಣ್ಣಿಗೆ ಬೀಳದೆ ಬಿಟ್ಟುಹೋದರೆ ಪ್ರತಿ ಸಾಲಿಗೂ ಹೊಲಿಗೆ ಕಡಿಮೆಯಾಗುತ್ತಾ ಚೌಕ ತ್ರಿಕೋನದ ಕಡೆ ಹೊರಡುತ್ತದೆ. ನಾನು ಪ್ರತಿ ತಿರುವಿನಲ್ಲೂ ಬಣ್ಣದ ಮಾರ್ಕರ್ (ಹೊಲಿಗೆ ಗುರುತಿಡುವ ಪುಟ್ಟ ಕ್ಲಿಪ್ಪು) ಸಿಕ್ಕಿಸಿ, ಮರಳಿ ಬಂದಾಗ ಅದನ್ನು ತೆಗೆದು ಅಲ್ಲೇ ಕಡ್ಡಿ ಹಾಕುತ್ತಿದ್ದೆ. ಮಾರ್ಕರ್ ಇಲ್ಲದವರು ಬೇರೆ ಬಣ್ಣದ ದಾರದ ತುಂಡು ಹಾಕಿದರೂ ನಡೆಯುತ್ತದೆ. ಸೇಫ್ಟಿ ಪಿನ್ ಬೇಡ, ಮರೆತು ಒಳಗೇ ಉಳಿದರೆ ಕಷ್ಟ.

ಪಟ್ಟೆಗಳನ್ನು ಅಗಲವಾಗಿಯೇ ಇಟ್ಟೆ. ಎರಡೆರಡು ಸಾಲಿಗೆ ಬಣ್ಣ ಬದಲಿಸಿದರೆ ಮುದ್ದಾಗಿ ಕಾಣುತ್ತದೆ ನಿಜ, ಆದರೆ ಪ್ರತಿ ಬದಲಾವಣೆಗೂ ಎರಡು ದಾರದ ತುದಿ ಹುಟ್ಟುತ್ತವೆ. ಆ ತುದಿಗಳೇ ಹೊದಿಕೆಯ ದುರ್ಬಲ ಜಾಗ. ಹೆಣೆಯುತ್ತಲೇ ತುದಿಯನ್ನು ಹೊಲಿಗೆಯೊಳಗೆ ಮುಚ್ಚಿಕೊಂಡು ಹೋಗುವ ಸುಲಭ ದಾರಿ ಇದೆ. ಪರದೆಗೋ ಮೇಜುಬಟ್ಟೆಗೋ ಅದು ಸಾಕು. ಮೆಷಿನ್‌ನಲ್ಲಿ ತಿರುಗುವ ವಸ್ತುವಿಗೆ ನನಗೆ ಅದರ ಮೇಲೆ ನಂಬಿಕೆ ಇಲ್ಲ. 15 ಸೆಂ.ಮೀ. ತುದಿ ಬಿಟ್ಟು, ಮೊಂಡು ಸೂಜಿಗೆ ಪೋಣಿಸಿ, ಒಂದು ಕಡೆಗೆ ನಾಲ್ಕೈದು ಹೊಲಿಗೆ ದಾಟಿಸುತ್ತೇನೆ. ಒಂದು ಎಳೆ ಬಿಟ್ಟು ವಾಪಸ್ ತರುತ್ತೇನೆ, ಇನ್ನೊಮ್ಮೆ ಮೊದಲಿನ ದಿಕ್ಕಿಗೆ. ಬರೀ ಸಂದಿಯಲ್ಲಿ ನುಸುಳಿಸದೆ, ದಾರದ ಎಳೆಗಳನ್ನೇ ಸೂಜಿಯಿಂದ ಸೀಳಿಕೊಂಡು ಹೋಗಬೇಕು. ಆಗ ಅದು ಕಚ್ಚಿ ಹಿಡಿಯುತ್ತದೆ. ಕತ್ತರಿಸುವ ಮುನ್ನ ಹೊದಿಕೆಯನ್ನು ನಾಲ್ಕೂ ಕಡೆಗೆ ಒಮ್ಮೆ ಜಗ್ಗಿ ನೋಡಿ. ಜಗ್ಗದೆ ಕತ್ತರಿಸಿದರೆ ತುದಿ ಆಮೇಲೆ ಹೊರಗೆ ಇಣುಕುತ್ತದೆ. ಈ ಕೆಲಸ ಯಾರಿಗೂ ಇಷ್ಟವಿಲ್ಲ, ನನಗೂ ಇಲ್ಲ. ರೇಡಿಯೋ ಹಾಕಿಕೊಂಡು ಕೂತೆ.

ಅಂಚಿಗೆ ಎರಡು ಸುತ್ತು ಸಿಂಗಲ್, ಮೂಲೆಗೆ ಮೂರು ಒಟ್ಟಿಗೆ. ಬದಿಯಲ್ಲಿ ಸಾಲಿಗೊಂದರಂತೆ ಹಾಕಿದೆ. ಅಂಚು ಅಲೆಅಲೆಯಾಗಿ ಎದ್ದರೆ ಹೊಲಿಗೆ ಜಾಸ್ತಿಯಾಗಿದೆ, ಒಳಕ್ಕೆ ಎಳೆದುಕೊಂಡರೆ ಕಡಿಮೆ ಬಿದ್ದಿದೆ ಅಂತ ಅರ್ಥ. ಕುಚ್ಚು, ಗುಂಡಿ, ಪೊಂಪೊಮ್ ಏನೂ ಕಟ್ಟಲಿಲ್ಲ. ಕಿತ್ತುಬಂದರೆ ನೇರ ಬಾಯಿಗೇ.

ಮಣಿಕಟ್ಟು ನೋಯುವವರು ಕಡ್ಡಿಯನ್ನು ಬಿಗಿಯಾಗಿ ಹಿಡಿಯಬೇಡಿ, ಅರ್ಧ ಗಂಟೆಗೊಮ್ಮೆ ಕೈ ಬಿಡಿ. ಮಾಸ್ ಹೊಲಿಗೆಯಲ್ಲಿ ಒಂದೇ ಚಲನೆ ಸಾವಿರಾರು ಸಲ.

ಕೊಡುವಾಗ ತಂಗಿಗೆ ಒಂದು ವಿಷಯ ಬಿಡಿಸಿ ಹೇಳಿದೆ. ಮಗು ಮಲಗುವ ತೊಟ್ಟಿಲಿಗೆ ಇದನ್ನು ಹಾಕಬೇಡ. ಸಡಿಲ ಹೊದಿಕೆ, ದಿಂಬು, ಮೆತ್ತನೆ ಆಟಿಕೆ ಯಾವುದೂ ಪಾಪು ಮಲಗುವ ಜಾಗದಲ್ಲಿ ಇರಬಾರದು ಅಂತ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2022ರ ಸೂಚನೆಯಲ್ಲೂ ಹೇಳಿದೆ. ಮುಖ ಮುಚ್ಚಿಕೊಂಡರೆ ತೆಗೆಯುವ ಶಕ್ತಿ ಮಗುವಿಗೆ ಇರುವುದಿಲ್ಲ. "ಮತ್ತೆ ಯಾವಾಗ ಹೊದಿಸೋದು?" ಅಂದಳು. ನೀನು ಎತ್ತಿಕೊಂಡಿರುವಾಗ, ಸ್ಟ್ರಾಲರ್‌ನಲ್ಲಿ ಎಚ್ಚರವಿದ್ದಾಗ ಕಾಲ ಮೇಲೆ, ನೆಲದ ಮೇಲೆ ಬೋರಲು ಮಲಗಿಸಿ ಆಡಿಸುವಾಗ ಅಡಿಗೆ ಹಾಸು. ಪಾಪು ಕಣ್ಣೆದುರಲ್ಲೇ ಇರಬೇಕು ಅಷ್ಟೆ. ವರ್ಷ ದಾಟಿದ ಮೇಲೆ ಹೊದ್ದು ಮಲಗಲಿ.

ಹೊದಿಕೆ ಜೊತೆ ಉಳಿದ ದಾರದ ಒಂದು ಸಣ್ಣ ಉಂಡೆಯನ್ನೂ ಕೊಟ್ಟೆ, ಲೇಬಲ್ ಸಮೇತ. ಒಗೆಯುವ ನೀರಿನ ಬಿಸಿ ಎಷ್ಟಿರಬೇಕು ಅಂತ ಅದರಲ್ಲೇ ಬರೆದಿದೆ. ಎಲ್ಲಾದರೂ ಎಳೆ ಹರಿದರೆ ಸೇರಿಸಲು ಅದೇ ಬಣ್ಣದ ದಾರವೂ ಕೈಗೆ ಸಿಗುತ್ತದೆ.