ಮುಸುರೆಯಿಂದಲೇ ಒಲೆಗೆ ಗ್ಯಾಸ್

ಮಲೆನಾಡಿನ ಮನೆಗಳಿಗೆ ಗೋಬರ್ ಗ್ಯಾಸ್ ಹೊಸದಲ್ಲ. ಆದರೆ ದನಕರು ಇಲ್ಲದ ಮನೆಯಲ್ಲೂ ಗ್ಯಾಸ್ ಮಾಡಿಕೊಳ್ಳಬಹುದು. ಸಗಣಿ ಅಂದರೆ ಹಸು ಒಮ್ಮೆ ಅರಗಿಸಿ ಬಿಟ್ಟದ್ದು, ಅದರಲ್ಲಿ ಉಳಿದ ಸತ್ವ ಕಡಿಮೆ. ಮಿಕ್ಕ ಅನ್ನ, ಗಂಜಿ, ಕೊಳೆತ ಬಾಳೆಹಣ್ಣಿನಲ್ಲಿ ಜಾಸ್ತಿ. ಪುಣೆಯ ಆನಂದ ಕರ್ವೆ ಅವರ ಗ್ರಾಮೀಣ ತಂತ್ರಜ್ಞಾನ ಸಂಸ್ಥೆ ‘ಆರ್ಟಿ’ ಇದೇ ಲೆಕ್ಕದ ಮೇಲೆ ಸಣ್ಣ ಘಟಕ ರೂಪಿಸಿ 2006ರಲ್ಲಿ ಶುದ್ಧ ಇಂಧನದ ಕೆಲಸಕ್ಕೆ ಬ್ರಿಟನ್ನಿನಲ್ಲಿ ಕೊಡುವ ಆಶ್ಡೆನ್ ಪ್ರಶಸ್ತಿ ಪಡೆಯಿತು.

ಬೇಕಾದದ್ದು ಎರಡು ಪ್ಲಾಸ್ಟಿಕ್ ಟ್ಯಾಂಕ್. 1000 ಲೀಟರಿನದರ ಬಾಯಿ ಕತ್ತರಿಸಿ, 750 ಲೀಟರಿನದನ್ನು ಅದರೊಳಗೆ ಬೋರಲು ಹಾಕಬೇಕು. ಗ್ಯಾಸ್ ತುಂಬಿದಂತೆ ಅದು ಮೇಲೇಳುತ್ತದೆ. ಮುಸುರೆ ಸುರಿಯಲು ತಳ ಮುಟ್ಟುವ ದಪ್ಪ ಪೈಪು, ಬಗ್ಗಡ ಹೊರಬರಲು ಮೇಲ್ಗಡೆ ಇನ್ನೊಂದು, ನೆತ್ತಿಗೆ ವಾಲ್ವ್. ಬಿಸಿಲಿರುವ ಬಯಲಲ್ಲಿಡಿ. ಜೋಡಣೆಗೆ ಅನುಭವಸ್ಥರನ್ನೇ ಕರೆಯಿರಿ.

ಮೊದಲ ಸಲ ಹಸಿ ಸಗಣಿ, ನೀರು ಸಮ ಸಮ ಕಲಸಿ ತುಂಬಿಸಿ. ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳು ಬರುವುದು ಇದರಿಂದಲೇ. ಎರಡು ಮೂರು ವಾರದಲ್ಲಿ ಟ್ಯಾಂಕ್ ಏಳುತ್ತದೆ. ಮೊದಲ ಗ್ಯಾಸಿನಲ್ಲಿ ಗಾಳಿ ಬೆರೆತಿರುತ್ತದೆ, ಬೆಂಕಿ ತೋರಿಸಲೇಬೇಡಿ. ಬಯಲಿಗೆ ಬಿಟ್ಟುಬಿಡಿ.

ಇನ್ನು ಮುಸುರೆ. ಎಲ್ಲರೂ ಎಡವುವುದು ಇಲ್ಲೇ. ಟ್ಯಾಂಕನ್ನು ಹೊಟ್ಟೆ ಅಂದುಕೊಳ್ಳಿ: ಹಬ್ಬದ ಮರುದಿನ ಉಳಿದದ್ದನ್ನೆಲ್ಲ ಒಟ್ಟಿಗೆ ಸುರಿದರೆ ಅಜೀರ್ಣವಾಗುತ್ತದೆ. ಶುರುವಿನಲ್ಲಿ ದಿನಕ್ಕೆ ಒಂದೆರಡು ಹಿಡಿ ಸಾಕು. ತಿಂಗಳ ಹೊತ್ತಿಗೆ ಎರಡು ಕೆಜಿವರೆಗೆ ಏರಿಸಿ. ಸಣ್ಣಗೆ ಹೆಚ್ಚಿ ಅಥವಾ ರುಬ್ಬಿ, ಅಷ್ಟೇ ನೀರು ಸೇರಿಸಿ ಹಾಕಿ. ನಿಂಬೆ ಕಿತ್ತಳೆ ಸಿಪ್ಪೆ, ಮೊಟ್ಟೆ ಚಿಪ್ಪು, ಮೂಳೆ, ತೆಂಗಿನ ನಾರು, ಫಿನಾಯಿಲ್ ಬೆರೆತ ನೀರು ಬೇಡ.

ಹುಳಿ ವಾಸನೆ ಬಂತು, ಒಲೆ ಉರಿಯುತ್ತಿಲ್ಲ ಅಂದರೆ ಒಳಗೆ ಆಮ್ಲ ಹೆಚ್ಚಿದೆ ಅಂತಲೇ ಅರ್ಥ. ಮುಸುರೆ ಹಾಕುವುದನ್ನು ಕೆಲವು ದಿನ ನಿಲ್ಲಿಸಿ, ಒಂದು ಬಕೆಟ್ ಸಗಣಿ ನೀರು ಕೊಡಿ. ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ.

ಒಲೆ ಬಯೋಗ್ಯಾಸಿನದೇ ಇರಲಿ. ಸಿಲಿಂಡರ್ ಒಲೆಯ ಜೆಟ್ ರಂಧ್ರ ಇದಕ್ಕೆ ತೀರಾ ಸಣ್ಣದು. ಪೈಪಿನ ಮಧ್ಯೆ ಕಬ್ಬಿಣದ ನಾರು ತುಂಬಿದ ಡಬ್ಬಿ ಇಟ್ಟರೆ ಕೊಳೆತ ಮೊಟ್ಟೆಯಂಥ ವಾಸನೆ ತಗ್ಗುತ್ತದೆ. ಕೀಲುಗಳಿಗೆ ಸೋಪಿನ ನೀರು ಹಚ್ಚಿ ಆಗಾಗ ಸೋರಿಕೆ ನೋಡಿ.

ಎರಡು ಕೆಜಿ ಮುಸುರೆಗೆ ಒಂದು ಒಲೆ ಹೆಚ್ಚೂಕಡಿಮೆ ಅರ್ಧ ಗಂಟೆ ಉರಿದೀತು. ಸಿಲಿಂಡರ್ ಪೂರ್ತಿ ತಪ್ಪುವುದಿಲ್ಲ, ಬೆಳಗಿನ ಕಾಫಿ, ತಿಂಡಿ ಆಗುತ್ತದೆ. ಹೊರಬರುವ ಬಗ್ಗಡವನ್ನು ನಾಲ್ಕೈದು ಪಾಲು ನೀರಿಗೆ ಬೆರೆಸಿ ಕರಿಬೇವಿನ ಬುಡಕ್ಕೆ ಹಾಕಿ ನೋಡಿ.